ಬೆಟ್ಟಾ ಮೀನಿಗೆ ಹುಷಾರಿಲ್ವಾ? ಔಷಧಿ ಕೇಳೋ ಮುಂಚೆ ನೀರು ನೋಡಿ

ಈ ವಾರ ಹಸು, ಕುರಿ, ಕೋಳಿ ಯಾವುದರ ವಿಷಯವೂ ಅಲ್ಲ. ಟಿವಿ ಪಕ್ಕದಲ್ಲೋ, ಅಂಗಡಿಯ ಗಲ್ಲಾಪೆಟ್ಟಿಗೆ ಹತ್ತಿರವೋ ಗಾಜಿನ ಬಾಟಲಿಯಲ್ಲಿ ಒಂಟಿಯಾಗಿ ಇರುವ ಬೆಟ್ಟಾ ಮೀನಿನ ವಿಷಯ. ಬೆಟ್ಟ-ಗುಡ್ಡದ ಬೆಟ್ಟ ಅಲ್ಲ, ನಮ್ಮ ಹುಡುಗರು ‘ಫೈಟರ್’ ಅಂತ ಕರೆಯೋ ಉದ್ದ ರೆಕ್ಕೆಯ ಬಣ್ಣದ ಮೀನು. ಕಡಿಮೆ ದುಡ್ಡಿಗೆ ಸಿಗುತ್ತೆ, ಜಾಗ ಬೇಡ, ಕರೆಂಟ್ ಬೇಡ ಅಂತ ಹೇಳಿ ಮಾರ್ತಾರೆ. ಈಗ ಹಳ್ಳಿ ಮನೆಗಳಲ್ಲೂ ಇದೆ. ಕೆಲವರು ಹಿತ್ತಲಲ್ಲಿ ಮರಿ ಮಾಡಿಸಿ ಮಾರೋದನ್ನೂ ಶುರು ಮಾಡಿದ್ದಾರೆ.

ಮೀನು ಸಪ್ಪಗಾದ ದಿನ ಏನು ಮಾಡ್ತೀವಿ? ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕ್ತೀವಿ. ಐದು ನಿಮಿಷದಲ್ಲಿ ಹತ್ತು ಉತ್ತರ ಬರುತ್ತೆ. ಉಪ್ಪು ಹಾಕಿ, ಅರಿಶಿನ ಹಾಕಿ, ನೀಲಿ ಔಷಧಿ ಹಾಕಿ, ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ಒಡೆದು ಹಾಕಿ. ‘ನೀರು ಬದಲಿಸಿ ಎಷ್ಟು ದಿನ ಆಯ್ತು?’ ಅಂತ ಕೇಳೋರು ಕಡಿಮೆ.

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡ್ತೀನಿ. ಮನೆಯಲ್ಲಿ ಸಾಕಿದ ಬೆಟ್ಟಾ ಮೀನಿನ ಕಾಯಿಲೆ ಬಹುತೇಕ ಶುರುವಾಗೋದು ನೀರಿನಿಂದ. ನೀರು ಸರಿ ಮಾಡದೆ ಹಾಕಿದ ಔಷಧಿ ಅಂದ್ರೆ ಬೇರಿಗೆ ನೀರು ನಿಂತು ಕೊಳೀತಿರೋ ಗಿಡದ ಎಲೆಗೆ ಸ್ಪ್ರೇ ಹೊಡೆದ ಹಾಗೆ. ದುಡ್ಡೂ ಹೋಯ್ತು, ಗಿಡವೂ ಹೋಯ್ತು. ರೋಗ ಏನಂತ ಗೊತ್ತಿಲ್ಲದೆ ಔಷಧಿ ಹೊಡೆಯೋ ಅಭ್ಯಾಸ ಹೊಲದಲ್ಲೂ ಕೆಟ್ಟದ್ದು, ಬಾಟಲಿಯಲ್ಲೂ ಕೆಟ್ಟದ್ದು.

ಗದ್ದೆಯ ಮೀನು ಅಂತ ಬಾಟಲಿಗೆ ಹಾಕಬಹುದಾ?

ಬೆಟ್ಟಾ ಥಾಯ್ಲೆಂಡ್ ಕಡೆಯ ಮೀನು. ಅಲ್ಲಿ ಅದಕ್ಕೆ ‘ಪ್ಲಾ ಕಟ್’ ಅಂತಾರೆ, ಅಂದ್ರೆ ಕಚ್ಚೋ ಮೀನು. 2019ರಲ್ಲಿ ಥಾಯ್ಲೆಂಡ್ ಇದನ್ನ ತನ್ನ ರಾಷ್ಟ್ರೀಯ ಜಲಚರ ಅಂತ ಘೋಷಿಸಿತು. ಕಾಡು ಬೆಟ್ಟಾ ಇರೋದು ಭತ್ತದ ಗದ್ದೆ, ಜೌಗು, ನಿಧಾನವಾಗಿ ಹರಿಯೋ ಕಾಲುವೆಗಳಲ್ಲಿ. ಅದಕ್ಕೆ ಕಿವಿರಿನ ಜೊತೆಗೆ ತಲೆಯಲ್ಲಿ ಇನ್ನೊಂದು ಅಂಗ ಇದೆ. ಅದರಿಂದ ನೀರಿನ ಮೇಲೆ ಬಂದು ನೇರವಾಗಿ ಗಾಳಿ ಕುಡಿಯುತ್ತೆ. ಹಾಗಾಗಿ ಆಮ್ಲಜನಕ ಕಡಿಮೆ ಇರೋ ನೀರಲ್ಲೂ ಬದುಕುತ್ತೆ.

ಮಾರೋರು ಇಷ್ಟನ್ನೇ ಹಿಡ್ಕೊಂಡು ‘ಸಣ್ಣ ಬಾಟಲಿ ಸಾಕು’ ಅಂತಾರೆ. ಭತ್ತ ಬೆಳೆಯೋರಿಗೆ ಇದರ ತಪ್ಪು ಬೇಗ ಗೊತ್ತಾಗಬೇಕು. ಗದ್ದೆಯಲ್ಲಿ ನೀರಿನ ಆಳ ಗೇಣುದ್ದ ಇರಬಹುದು, ಆದ್ರೆ ಅಗಲ ಎಷ್ಟು? ಮಣ್ಣು ಇದೆ, ಪೈರು ಇದೆ, ಪಾಚಿ ಇದೆ. ಮೀನಿನ ಹೊಲಸನ್ನ ಅವೆಲ್ಲ ಸೇರಿ ಹೀರ್ಕೊಳ್ಳುತ್ತವೆ. ಬಾಟಲಿಯಲ್ಲಿ ಏನಿದೆ? ಒಂದು ಲೀಟರ್ ನೀರು, ನಾಲ್ಕು ಬಣ್ಣದ ಕಲ್ಲು. ಗಾಳಿ ಕುಡಿಯೋ ಶಕ್ತಿ ಮೀನನ್ನ ಉಸಿರುಕಟ್ಟದಂತೆ ಕಾಪಾಡುತ್ತೆ, ವಿಷದಿಂದ ಅಲ್ಲ.

ಯೂರಿಯಾ ಗೊತ್ತಿರೋರಿಗೆ ಇದು ಕಷ್ಟ ಅಲ್ಲ

ಆ ವಿಷದ ಹೆಸರು ಅಮೋನಿಯಾ. ಮೀನು ಕಿವಿರಿನ ಮೂಲಕ ಅಮೋನಿಯಾ ಹೊರಗೆ ಹಾಕುತ್ತೆ. ತಿನ್ನದೆ ಬಿಟ್ಟ ಪೆಲೆಟ್ ಕೊಳೆತರೂ ಅದೇ ಬರುತ್ತೆ. ನೀರು ಕಣ್ಣಿಗೆ ಕನ್ನಡಿ ಹಾಗೆ ಕಾಣಿಸಬಹುದು, ಆದ್ರೂ ಒಳಗೆ ಅಮೋನಿಯಾ ತುಂಬಿರಬಹುದು. ಅದು ಕಿವಿರು ಸುಡುತ್ತೆ, ಮೈ ಮೇಲಿನ ಲೋಳೆ ಹಾಳು ಮಾಡುತ್ತೆ. ಆಮೇಲೆ ನೀರಲ್ಲಿ ಯಾವಾಗಲೂ ಇರೋ ಬ್ಯಾಕ್ಟೀರಿಯಾ ಒಳಗೆ ನುಗ್ಗುತ್ತೆ. ರೆಕ್ಕೆ ಕೊಳೆಯೋದು ನಮಗೆ ಕಾಣೋದು ಆವಾಗ.

ಹೊಲಕ್ಕೆ ಹಾಕಿದ ಯೂರಿಯಾ ಮಣ್ಣಲ್ಲಿ ಏನಾಗುತ್ತೆ ಅಂತ ಓದಿದ್ದೀರಿ. ಮೊದಲು ಅಮೋನಿಯಂ, ಆಮೇಲೆ ಮಣ್ಣಿನ ಬ್ಯಾಕ್ಟೀರಿಯಾಗಳು ಅದನ್ನ ನೈಟ್ರೈಟ್ ಮಾಡಿ, ಕೊನೆಗೆ ನೈಟ್ರೇಟ್ ಮಾಡುತ್ತವೆ. ಮೀನಿನ ತೊಟ್ಟಿಯ ಫಿಲ್ಟರಿನ ಸ್ಪಂಜಿನಲ್ಲಿ ಅದೇ ಕೆಲಸ ನಡೆಯುತ್ತೆ, ಅದೇ ತರದ ಬ್ಯಾಕ್ಟೀರಿಯಾ ಮಾಡುತ್ತವೆ. ಹೊಸ ತೊಟ್ಟಿಯಲ್ಲಿ ಅವು ನೆಲೆಯಾಗೋಕೆ ನಾಲ್ಕರಿಂದ ಆರು ವಾರ ಬೇಕು. ಫಿಲ್ಟರ್ ಇಲ್ಲದ ಬಾಟಲಿಯಲ್ಲಿ ಅವಕ್ಕೆ ಸರಿಯಾದ ಜಾಗವೇ ಇಲ್ಲ.

ಇನ್ನೊಂದು ವಿಷಯ. ಸುಣ್ಣದಂಶ ಜಾಸ್ತಿ ಇರೋ ಭೂಮಿಗೆ ಯೂರಿಯಾ ಮೇಲೆ ಎರಚಿದ್ರೆ ಅಮೋನಿಯಾ ಆಗಿ ಗಾಳಿಗೆ ಹೋಗುತ್ತೆ. ಪಿಎಚ್ ಹೆಚ್ಚಾದಷ್ಟೂ ಹೀಗೆ. ನೀರಲ್ಲೂ ಅದೇ ಲೆಕ್ಕ. ಪಿಎಚ್ ಏರಿದಂತೆ ಅಮೋನಿಯಾದ ವಿಷದ ರೂಪ ಜಾಸ್ತಿ ಆಗುತ್ತೆ. ನಿಮ್ಮ ಬೋರ್‌ವೆಲ್ ನೀರು ಗಡಸು, ಕ್ಷಾರ ಅನ್ನೋದಾದ್ರೆ ಅಮೋನಿಯಾ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು.

ಬೋರ್ ನೀರು ಬೇಡ ಅಂತ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನ್ ತಂದು ಬರೀ ಅದನ್ನೇ ಹಾಕೋರಿದ್ದಾರೆ. ಆರ್‌ಒ ನೀರಲ್ಲಿ ಲವಣ ತೀರಾ ಕಡಿಮೆ, ಪಿಎಚ್ ಹಿಡಿದು ನಿಲ್ಲಿಸೋ ಶಕ್ತಿ ಇಲ್ಲ. ಬೋರ್ ನೀರಿನ ಜೊತೆ ಬೆರೆಸಿ ಬಳಸೋದು ಒಳ್ಳೇದು. ಪ್ರತಿ ಸಲ ಒಂದೇ ಅಳತೆಯಲ್ಲಿ ಬೆರೆಸಿ. ನಲ್ಲಿ ನೀರಾದ್ರೆ ಕ್ಲೋರಿನ್ ಇರುತ್ತೆ. ಅಗಲವಾದ ಬಕೆಟ್‌ನಲ್ಲಿ ಒಂದು ದಿನ ಪೂರ್ತಿ ಬಿಟ್ಟು ಹಾಕಿ.

ಸಪ್ಪಗಾದ ದಿನ ಮೊದಲು ಮಾಡಬೇಕಾದ್ದು

ಮೀನು ತಳ ಹಿಡಿದಿದೆ, ರೆಕ್ಕೆ ಮಡಚಿದೆ, ತಿನ್ನಲ್ಲ. ರೋಗದ ಹೆಸರು ಇನ್ನೂ ಗೊತ್ತಿಲ್ಲ. ಪರವಾಗಿಲ್ಲ. ಈ ಕೆಲಸಗಳಿಗೆ ರೋಗದ ಹೆಸರು ಬೇಕಾಗಿಲ್ಲ.

ಒಂದು, ಥರ್ಮಾಮೀಟರ್ ಇಟ್ಟು ನೋಡಿ. ಬೆಟ್ಟಾಗೆ 24ರಿಂದ 28 ಡಿಗ್ರಿ ಸೆಲ್ಸಿಯಸ್ ಬೇಕು. ಕೊಡಗು, ಚಿಕ್ಕಮಗಳೂರು, ಹಾಸನದ ಕಡೆ ಚಳಿಗಾಲದ ರಾತ್ರಿ ಸಣ್ಣ ಬಾಟಲಿಯ ನೀರು ಕೋಣೆಯ ಚಳಿಯಷ್ಟೇ ತಣ್ಣಗಾಗುತ್ತೆ. ಮೀನು ಮಂಕಾಗೋಕೆ ಅಷ್ಟೇ ಸಾಕು. ಸಣ್ಣ ಹೀಟರ್ ಹಾಕಿ, ಆದ್ರೆ ನಿಧಾನವಾಗಿ ಬಿಸಿ ಏರಿಸಿ.

ಎರಡು, ಕಾಲು ಭಾಗ ನೀರು ತೆಗೆದು ಅಷ್ಟೇ ಬಿಸಿ ಇರೋ ಹೊಸ ನೀರು ಹಾಕಿ. ದಿನಾ ಹೀಗೇ ನಾಲ್ಕೈದು ದಿನ ಮಾಡಿ. ವಾರಗಟ್ಟಲೆ ಮುಟ್ಟದ ಬಾಟಲಿಯ ನೀರನ್ನ ಒಂದೇ ಸಲ ಪೂರ್ತಿ ಚೆಲ್ಲಿ ಹೊಸದು ತುಂಬಿಸಬೇಡಿ. ಪಿಎಚ್ ದಿಢೀರ್ ಬದಲಾದ್ರೆ ಸುಸ್ತಾದ ಮೀನು ತಡೆಯಲ್ಲ. ಅಂಥ ಬಾಟಲಿಯಲ್ಲಿ ಇನ್ನೂ ಸ್ವಲ್ಪ ಸ್ವಲ್ಪವೇ ಬದಲಿಸ್ತಾ ಬನ್ನಿ.

ಮೂರು, ಎರಡು ದಿನ ಊಟ ನಿಲ್ಲಿಸಿ. ದೊಡ್ಡ ಬೆಟ್ಟಾ ಎರಡು-ಮೂರು ದಿನ ಉಪವಾಸಕ್ಕೆ ಸಾಯಲ್ಲ. ಹೊಟ್ಟೆ ಉಬ್ಬಿ ಓರೆಯಾಗಿ ತೇಲ್ತಿದ್ರೆ ಹೆಚ್ಚಿನ ಸಲ ಅದು ಜಾಸ್ತಿ ತಿಂದ ಪರಿಣಾಮ. ಬೆಟ್ಟಾ ಹುಳ-ಹುಪ್ಪಟೆ ತಿನ್ನೋ ಮೀನು. ಅನ್ನದ ಅಗಳು, ಬ್ರೆಡ್ ಅದರ ಊಟ ಅಲ್ಲ. ಹುಷಾರಾದ ಮೇಲೂ ದಿನಕ್ಕೆ ಎರಡು ಸಲ ಮೂರ್ನಾಲ್ಕು ಸಣ್ಣ ಪೆಲೆಟ್ ಸಾಕು.

ನಾಲ್ಕು, ನೀರಿನ ಮಟ್ಟ ಸ್ವಲ್ಪ ಇಳಿಸಿ. ಸುಸ್ತಾದ ಮೀನಿಗೆ ಗಾಳಿ ಕುಡಿಯೋಕೆ ಮೇಲೆ ಬರೋದೇ ಕಷ್ಟ. ಮುಚ್ಚಳ ಹಾಕಿದ್ರೆ ಗಾಳಿ ಆಡೋ ಹಾಗಿರಲಿ.

ನಾಡು ಬಾದಾಮಿ ಮರದ ಒಣಗಿ ಬಿದ್ದ ಎಲೆ ಒಂದನ್ನ ತೊಳೆದು ಹಾಕಬಹುದು. ನೀರು ಟೀ ಬಣ್ಣ ಆಗುತ್ತೆ, ಹೆದರಬೇಡಿ. ಮೀನಿಗೆ ಸಮಾಧಾನ ಕೊಡೋ ಎಲೆ ಅದು, ರೋಗ ವಾಸಿ ಮಾಡೋ ಔಷಧಿ ಅಲ್ಲ. ಔಷಧಿ ಹೊಡೆದ ತೋಟದಿಂದ, ರಸ್ತೆ ಬದಿಯಿಂದ ಆ ಎಲೆ ತರಬೇಡಿ.

ಆಗಷ್ಟೇ ಶುರುವಾದ ರೆಕ್ಕೆ ಕೊಳೆ ಎಷ್ಟೋ ಸಲ ಇಷ್ಟಕ್ಕೇ ನಿಲ್ಲುತ್ತೆ. ಅಂಚಿನಲ್ಲಿ ಕನ್ನಡಿ ಹಾಗೆ ಪಾರದರ್ಶಕವಾದ ಹೊಸ ರೆಕ್ಕೆ ಕಾಣಿಸಿದ್ರೆ ವಾಸಿ ಆಗ್ತಿದೆ ಅಂತ ಅರ್ಥ.

ಎರಡೂ ಬಿಳಿ, ಚಿಕಿತ್ಸೆ ಉಲ್ಟಾ

ಫೋಟೋ ನೋಡಿ ಔಷಧಿ ಹೇಳೋದು ಯಾಕೆ ಅಪಾಯ ಅನ್ನೋಕೆ ಒಂದೇ ಉದಾಹರಣೆ ಸಾಕು. ‘ಮೈ ಮೇಲೆ ಬಿಳಿ ಬಂದಿದೆ’ ಅಂತ ಕೇಳ್ತಾರೆ. ಯಾವ ಬಿಳಿ?

ರವೆ ಉದುರಿಸಿದ ಹಾಗೆ ಬಿಡಿಬಿಡಿ ಚುಕ್ಕೆ ಇದ್ರೆ ಅದು ‘ಇಕ್’ ಅನ್ನೋ ಪರಾವಲಂಬಿ ಜೀವಿ. ಮೈಯಲ್ಲಿ ಅಂಟಿರುವಾಗ ಅದಕ್ಕೆ ಔಷಧಿ ತಾಗಲ್ಲ. ಮೈ ಬಿಟ್ಟು ತಳಕ್ಕೆ ಬಿದ್ದು, ಮರಿ ಮಾಡಿ, ಆ ಮರಿಗಳು ನೀರಲ್ಲಿ ಈಜುವಾಗ ಮಾತ್ರ ಸಾಯುತ್ತವೆ. ಕೀಟ ಯಾವ ಹಂತದಲ್ಲಿದೆ ಅಂತ ನೋಡಿ ಸ್ಪ್ರೇ ಮಾಡ್ತೀವಲ್ಲ, ಹಾಗೇ ಇದು. ನೀರನ್ನ ನಿಧಾನವಾಗಿ 29-30 ಡಿಗ್ರಿಗೆ ಏರಿಸಿದ್ರೆ ಅದರ ಜೀವನಚಕ್ರ ಬೇಗ ಮುಗಿಯುತ್ತೆ, ಔಷಧಿಗೆ ಬೇಗ ಸಿಗುತ್ತೆ. ಚುಕ್ಕೆ ಮಾಯ ಆದ್ರೂ ಇನ್ನೂ ಕೆಲವು ದಿನ ಚಿಕಿತ್ಸೆ ಮುಂದುವರಿಸಬೇಕು.

ಅದೇ ಬಿಳಿ ಹತ್ತಿಯ ಹಾಗೆ ಬಾಯಿ ಹತ್ತಿರವೋ, ಬೆನ್ನಿನ ಮೇಲೆ ಜೀನು ಹಾಕಿದ ಹಾಗೆ ಪಟ್ಟಿಯಾಗಿಯೋ ಇದ್ರೆ? ನೋಡೋಕೆ ಬೂಷ್ಟಿನ ಹಾಗಿದ್ರೂ ಹೆಚ್ಚಾಗಿ ಅದು ‘ಕಾಲಮ್ನಾರಿಸ್’ ಅನ್ನೋ ಬ್ಯಾಕ್ಟೀರಿಯಾ. ಇದಕ್ಕೆ ಬಿಸಿ ಅಂದ್ರೆ ಹಬ್ಬ. ಇಕ್ ಅಂದ್ಕೊಂಡು ನೀರು 30 ಡಿಗ್ರಿಗೆ ಏರಿಸಿದ್ರೆ ಮೀನು ಒಂದೆರಡು ದಿನದಲ್ಲೇ ಹೋಗಬಹುದು. ನೋಡಿ, ಎರಡೂ ಬಿಳಿ, ಆದ್ರೆ ಒಂದಕ್ಕೆ ಮಾಡೋ ಚಿಕಿತ್ಸೆ ಇನ್ನೊಂದಕ್ಕೆ ಗೊಬ್ಬರ.

ಮೂರನೇದು ಬಂಗಾರದ ಪುಡಿ ಸವರಿದ ಹಾಗೆ ಕಾಣೋ ‘ವೆಲ್ವೆಟ್’. ಕೋಣೆ ಕತ್ತಲು ಮಾಡಿ ಪಕ್ಕದಿಂದ ಮೊಬೈಲ್ ಟಾರ್ಚ್ ಬಿಟ್ರೆ ಗೊತ್ತಾಗುತ್ತೆ. ಇದಕ್ಕೆ ತಾಮ್ರದ ಔಷಧಿ ಇದೆ ಅಂತ ಕೇಳಿ, ಬೋರ್ಡೋ ದ್ರಾವಣಕ್ಕೆ ತಂದಿಟ್ಟ ಮೈಲುತುತ್ತದಲ್ಲಿ ಒಂದು ಚಿಟಿಕೆ ಹಾಕೋಣ ಅನ್ನಿಸಬಹುದು. ದಯವಿಟ್ಟು ಬೇಡ. ತಾಮ್ರ ಮೀನಿಗೆ ಭಾರೀ ವಿಷ, ಲವಣ ಕಡಿಮೆ ಇರೋ ಮೆದು ನೀರಲ್ಲಿ ಇನ್ನೂ ವಿಷ. ಚಿಟಿಕೆ ಲೆಕ್ಕದ ಔಷಧಿ ಅದಲ್ಲ.

ಹೊಟ್ಟೆ ಊದಿ, ಹುರುಪೆಗಳು ಸೀತಾಫಲದ ಸಿಪ್ಪೆ ಹಾಗೆ ಎದ್ದು ನಿಂತಿದ್ರೆ ಅದು ಜಲೋದರ. ಒಳಗಿನ ಅಂಗಗಳು ಸೋತ ಮೇಲೆ ಕಾಣೋ ಲಕ್ಷಣ ಅದು. ಉಳಿಯೋದು ಕಷ್ಟ ಅಂತ ಪ್ರಾಮಾಣಿಕವಾಗಿ ಹೇಳಬೇಕು. ‘ಈ ಪುಡಿ ಹಾಕಿ, ಗ್ಯಾರಂಟಿ’ ಅನ್ನೋರ ಮಾತು ನಂಬಬೇಡಿ.

ಕ್ಯಾಪ್ಸೂಲ್ ಯಾಕೆ ಬೇಡ

ಈಗ ಮುಖ್ಯ ಮಾತಿಗೆ ಬರ್ತೀನಿ. ಮನುಷ್ಯರ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲನ್ನೋ, ಕೋಳಿಗೆ ತಂದ ಆಂಟಿಬಯೋಟಿಕ್ ಪುಡಿಯನ್ನೋ ಅಂದಾಜಿಗೆ ಬಾಟಲಿಗೆ ಹಾಕೋದು ಮೂರು ಕಾರಣಕ್ಕೆ ತಪ್ಪು.

ಮೊದಲನೇದು, ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಜೊತೆ ಟೆಟ್ರಾಸೈಕ್ಲಿನ್ ಅಂಟ್ಕೊಳ್ಳುತ್ತೆ. ಬೋರ್ ನೀರಲ್ಲಿ ಅದರ ಬಲ ಅಲ್ಲೇ ಕುಗ್ಗುತ್ತೆ. ನೀರು ಹಳದಿ ಆಗುತ್ತೆ, ನಾವು ಔಷಧಿ ಕೆಲಸ ಮಾಡ್ತಿದೆ ಅಂದ್ಕೋತೀವಿ.

ಎರಡನೇದು, ಆಂಟಿಬಯೋಟಿಕ್‌ಗೆ ರೋಗದ ಬ್ಯಾಕ್ಟೀರಿಯಾ ಯಾವುದು, ಫಿಲ್ಟರಿನ ಒಳ್ಳೇ ಬ್ಯಾಕ್ಟೀರಿಯಾ ಯಾವುದು ಅಂತ ಗೊತ್ತಾಗಲ್ಲ. ಫಿಲ್ಟರಿನವು ಸತ್ತರೆ ಅಮೋನಿಯಾ ಏರುತ್ತೆ. ನೀಲಿ ಔಷಧಿ ಮಿಥಿಲೀನ್ ಬ್ಲೂ ಕೂಡ ಹಾಗೇ. ಯಾವ ಔಷಧಿ ಕೊಡೋದಾದ್ರೂ ಮೀನನ್ನ ಬೇರೆ ಡಬ್ಬಕ್ಕೆ ತೆಗೆದು ಕೊಡಿ.

ಮೂರನೇದು, ಎಲ್ಲಕ್ಕಿಂತ ದೊಡ್ಡದು. ಅರೆಬರೆ ಡೋಸಿಗೆ ಸಾಯದೆ ಉಳಿದ ಬ್ಯಾಕ್ಟೀರಿಯಾ ಆ ಔಷಧಿಗೆ ಜಗ್ಗದ ಬ್ಯಾಕ್ಟೀರಿಯಾ. ಆ ನೀರನ್ನ ನಾವು ಚೆಲ್ಲೋದು ಎಲ್ಲಿಗೆ? ಬಚ್ಚಲಿಗೆ, ಚರಂಡಿಗೆ, ಅಲ್ಲಿಂದ ಕೆರೆಗೆ. ಕೋಳಿ ಫಾರ್ಮ್‌ಗಳಲ್ಲಿ ಬಳಸ್ತಿದ್ದ ಕೊಲಿಸ್ಟಿನ್ ಔಷಧಿಯನ್ನ ಆಹಾರಕ್ಕಾಗಿ ಸಾಕೋ ಪ್ರಾಣಿಗಳಿಗೆ ಕೊಡಬಾರದು ಅಂತ ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿತು. ಯಾಕಂದ್ರೆ ಮನುಷ್ಯರಿಗೆ ಬೇರೆ ಔಷಧಿ ನಾಟದೇ ಇದ್ದಾಗ ಕೊನೆಗೆ ಕೊಡೋ ಔಷಧಿ ಅದು. ಒಂದು ಬಾಟಲಿ ನೀರಿನಿಂದ ಏನಾಗುತ್ತೆ ಅಂತ ಕೇಳಬಹುದು. ಒಂದು ಬಾಟಲಿಯಿಂದ ಏನೂ ಆಗಲ್ಲ. ಆದ್ರೆ ನೂರಾರು ಬಾಟಲಿ ಇಟ್ಟು ಮರಿ ಮಾಡೋರೂ ಇದೇ ಸಲಹೆ ಪಾಲಿಸಿದ್ರೆ ಲೆಕ್ಕ ಬೇರೆ.

ಹಾಗಾದ್ರೆ ಉಪ್ಪು? ಅಯೋಡಿನ್ ಬೆರೆಸದ ಕಲ್ಲುಪ್ಪು ಲೀಟರಿಗೆ 1ರಿಂದ 2 ಗ್ರಾಂ, ಬೇರೆ ನೀರಲ್ಲಿ ಕರಗಿಸಿ, ಒಂದು ವಾರದ ಮಟ್ಟಿಗೆ ಹಾಕಬಹುದು. ತೂಕ ಮಾಡಿ ಹಾಕಿ, ಮುಷ್ಟಿ ಲೆಕ್ಕ ಬೇಡ. ನೀರು ಬದಲಿಸಿದಾಗ ತೆಗೆದ ನೀರಿಗೆ ತಕ್ಕಷ್ಟೇ ಉಪ್ಪು ಮತ್ತೆ ಸೇರಿಸಿ. ಎಪ್ಸಮ್ ಸಾಲ್ಟ್ ಬೇರೆ ವಸ್ತು, ಅದು ಮೆಗ್ನೀಷಿಯಂ ಸಲ್ಫೇಟ್. ಅಡಿಕೆಗೆ, ತೆಂಗಿಗೆ ತಂದ ಗೊಬ್ಬರದ ಮೂಟೆಯಿಂದ ತೆಗೆದು ಮೀನಿಗೆ ಹಾಕಬೇಡಿ.

ನಮ್ಮ ಕೈಯಲ್ಲೇ ಇರೋ ವಿಷ

ಪೇಟೆಯವರಿಗೆ ಇಲ್ಲದ ಒಂದು ಅಪಾಯ ರೈತರ ಮನೆಯಲ್ಲಿದೆ. ಸೈಪರ್‌ಮೆಥ್ರಿನ್, ಲ್ಯಾಂಬ್ಡಾ ಸೈಹಲೋಥ್ರಿನ್ ತರದ ಕೀಟನಾಶಕಗಳು ಮೀನಿಗೆ ಅತಿ ಸಣ್ಣ ಪ್ರಮಾಣದಲ್ಲೂ ಮಾರಕ. ಸ್ಪ್ರೇ ಮುಗಿಸಿ ಬಂದು ಅದೇ ಕೈಯನ್ನ ತೊಟ್ಟಿಗೆ ಹಾಕಬೇಡಿ. ಔಷಧಿ ಕಲಸಿದ ಬಕೆಟ್, ಮಗ್ ಎಷ್ಟು ತೊಳೆದರೂ ಮೀನಿನ ನೀರಿಗೆ ಬೇಡ. ಸೊಳ್ಳೆ ಬತ್ತಿ, ಸೊಳ್ಳೆಗೆ ಕರೆಂಟಲ್ಲಿ ಹಾಕೋ ಲಿಕ್ವಿಡ್‌ಗಳಲ್ಲೂ ಸಾಮಾನ್ಯವಾಗಿ ಇದೇ ಜಾತಿಯ ವಿಷ ಇರುತ್ತೆ. ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ತುಂಬುತ್ತೆ ಅನ್ನೋದು ನೆನಪಿರಲಿ.

ಉಲ್ಟಾ ದಾರಿಯ ಅಪಾಯವೂ ಇದೆ. ಕಾಯಿಲೆ ಮೀನಿನ ನೀರಲ್ಲಿ ಇರಬಹುದಾದ ಕೆಲವು ಬ್ಯಾಕ್ಟೀರಿಯಾ ಕೈಯ ಗಾಯದ ಮೂಲಕ ನಮಗೂ ಸೋಂಕು ಮಾಡಿ ವಾಸಿಯಾಗದ ಗಂಟು ತರಬಲ್ಲವು. ಕುಡುಗೋಲು ತಾಗಿದ ಕೈಯಲ್ಲಿ ತೊಟ್ಟಿ ತೊಳೆಯಬೇಡಿ. ಪೈಪನ್ನ ಬಾಯಲ್ಲಿ ಎಳೆದು ನೀರು ತೆಗೆಯೋದೂ ಬೇಡ.

ಇಷ್ಟು ಅಗ್ಗದ ಮೀನಿಗೆ ಇಷ್ಟೆಲ್ಲಾ ಯಾಕೆ?

‘ಹೀಟರ್, ಫಿಲ್ಟರ್, ಟೆಸ್ಟ್ ಕಿಟ್ ದುಡ್ಡಲ್ಲಿ ಹತ್ತು ಮೀನು ಬರುತ್ತೆ. ಸತ್ತರೆ ಇನ್ನೊಂದು ತಂದರಾಯ್ತು’ ಅನ್ನೋರಿದ್ದಾರೆ. ಲೆಕ್ಕ ಸರಿ ಇದೆ, ಆದ್ರೂ ಒಪ್ಪಲ್ಲ. ಅದೇ ನೀರಿಗೆ, ಅದೇ ಬಾಟಲಿಗೆ ಬಂದ ಎರಡನೇ ಮೀನೂ ಸಾಯುತ್ತೆ, ಮೂರನೇದೂ ಸಾಯುತ್ತೆ. ಒಂದು ತಿಂಗಳ ಕರುವಿನ ವಿಷಯದಲ್ಲಿ ಯಾರೂ ಹಾಗೆ ಮಾತಾಡಲ್ಲ. ಚೆನ್ನಾಗಿ ಸಾಕಿದ್ರೆ ಬೆಟ್ಟಾ ಎರಡು-ಮೂರು ವರ್ಷ ಬದುಕೋ ಜೀವಿ. ಕನಿಷ್ಠ ಹತ್ತು ಲೀಟರ್, ಆದ್ರೆ ಇಪ್ಪತ್ತು ಲೀಟರ್ ಜಾಗ ಕೊಡೋಕೆ ಆಗಲ್ಲ ಅಂದ್ರೆ ತರದೇ ಇರೋದು ಮೇಲು. ಅದನ್ನ ಹೇಳೋಕೆ ನನಗೆ ಸಂಕೋಚ ಇಲ್ಲ.

ವ್ಯಾಪಾರಕ್ಕೆ ಇಳಿಯೋರಿಗಂತೂ ಇದು ಇನ್ನೂ ಮುಖ್ಯ. 2020ರಲ್ಲಿ ಶುರುವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಲಿನ ಅಲಂಕಾರಿಕ ಮೀನು ಘಟಕಕ್ಕೂ ಸಹಾಯಧನ ಇಟ್ಟರು. ಸಾಮಾನ್ಯ ವರ್ಗಕ್ಕೆ ಘಟಕ ವೆಚ್ಚದ ಶೇ. 40, ಪರಿಶಿಷ್ಟ ಜಾತಿ, ಪಂಗಡ ಮತ್ತು ಮಹಿಳೆಯರಿಗೆ ಶೇ. 60. ಈಗ ಅರ್ಜಿ ತಗೋತಿದ್ದಾರಾ ಅಂತ ಇಲಾಖೆಯಲ್ಲೇ ಕೇಳಿ. ಆದ್ರೆ ಸಹಾಯಧನ ತೊಟ್ಟಿ ಕೊಡುತ್ತೆ, ನೀರು ನೋಡೋ ಕಣ್ಣು ಕೊಡಲ್ಲ. ಹೊಸ ಮೀನನ್ನ ಎರಡು-ಮೂರು ವಾರ ಬೇರೆ ಇಡದೆ ಸೇರಿಸಿದ್ರೆ, ಒಂದೇ ಬಲೆಯನ್ನ ಎಲ್ಲ ಬಾಟಲಿಗೂ ಅದ್ದಿದ್ರೆ, ಒಂದು ಮೀನಿನ ಕಾಯಿಲೆ ಪೂರ್ತಿ ಘಟಕಕ್ಕೆ ಹರಡುತ್ತೆ.

ಉಳಿಯಲ್ಲ ಅಂತ ಖಾತ್ರಿ ಆದ ಮೀನನ್ನ ಕೆರೆಗೆ, ಬಾವಿಗೆ ಬಿಡಬೇಡಿ. ಅದು ಪುಣ್ಯದ ಕೆಲಸ ಅಲ್ಲ, ರೋಗ ಹಂಚೋ ಕೆಲಸ. ಸತ್ತ ಮೀನನ್ನ ನೀರಿನ ಮೂಲದಿಂದ ದೂರ ಮಣ್ಣಲ್ಲಿ ಹೂತುಬಿಡಿ.

ಯಾರನ್ನ ಕೇಳೋದು, ಏನಂತ ಕೇಳೋದು

ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿ, ಮೀನುಗಾರಿಕೆ ವಿಜ್ಞಾನಿ ಇರೋ ಕೃಷಿ ವಿಜ್ಞಾನ ಕೇಂದ್ರ, ಹೆಸರಘಟ್ಟದ ಮೀನುಗಾರಿಕೆ ಸಂಶೋಧನೆ ಮತ್ತು ಮಾಹಿತಿ ಕೇಂದ್ರ, ಮಂಗಳೂರಿನ ಮೀನುಗಾರಿಕೆ ಮಹಾವಿದ್ಯಾಲಯ. ಇವು ಕಾಟ್ಲಾ, ಸೀಗಡಿಗೆ ಮಾತ್ರ ಅಂದ್ಕೋಬೇಡಿ. ಸಣ್ಣ ಪ್ರಶ್ನೆ ಅಂತ ನಾಚಿಕೆ ಬೇಡ, ಕೇಳಿ.

ಆದ್ರೆ ಬರೀ ಫೋಟೋ ಕಳಿಸಬೇಡಿ. ಎಷ್ಟು ಲೀಟರ್ ನೀರು, ಯಾವ ನೀರು, ಬದಲಿಸಿ ಎಷ್ಟು ದಿನ, ಎಷ್ಟು ಡಿಗ್ರಿ, ಏನು ಎಷ್ಟು ತಿನ್ನಿಸ್ತೀರಿ, ಮೊದಲು ಏನು ಕಾಣಿಸ್ತು, ಈಗಾಗಲೇ ಏನು ಹಾಕಿದ್ದೀರಿ, ಮನೆ ಹತ್ತಿರ ಸ್ಪ್ರೇ ಆಗಿದೆಯಾ ಅಂತ ಬರೀರಿ. ಪಕ್ಕದಿಂದ ಬೆಳಕು ಬಿಟ್ಟು ಅರ್ಧ ನಿಮಿಷದ ವಿಡಿಯೋ ಸೇರಿಸಿ.

ಮುಂದಿನ ಸಲ ಗ್ರೂಪಿನಲ್ಲಿ ಯಾರಾದ್ರೂ ‘ಮೀನು ಸಪ್ಪಗಿದೆ, ಏನು ಹಾಕಲಿ?’ ಅಂತ ಕೇಳಿದ್ರೆ ದಯವಿಟ್ಟು ಔಷಧಿ ಹೆಸರು ಹೇಳೋ ಆತುರ ಮಾಡಬೇಡಿ. ಮೇಲಿನ ಈ ಪ್ರಶ್ನೆಗಳನ್ನ ಕಾಪಿ ಮಾಡಿ ಅವರಿಗೆ ಕಳಿಸಿ. ಉತ್ತರ ಬರೆಯೋಕೆ ಕೂತಾಗಲೇ ಎಷ್ಟೋ ಜನಕ್ಕೆ ತಪ್ಪು ಎಲ್ಲಾಗಿದೆ ಅಂತ ಗೊತ್ತಾಗಿಬಿಡುತ್ತೆ.